ಹಗ್ಗ ಹಿಡಿದವನ ಪಾಲು

ಹಾಲಾಡಿ ಪೇಟೆಯಲ್ಲಿ ಒಬ್ಬ ಮೀನು ವ್ಯಾಪಾರಿಯನ್ನು ಯಾರೋ ಚೂರಿ ಹಾಕಿ ಕೊಂದ ಬೆಳಿಗ್ಗೆ ನಾನು ಅಲ್ಲಿಂದ ಮೈಲುಗಟ್ಟಲೆ ದೂರ, ಕುಂಭಾಶಿಯ ಕಡಲ ಬದಿಯಲ್ಲಿ ಹತ್ತಾರು ಜನರೊಂದಿಗೆ ಕೈರಂಪಣಿ ಬಲೆಯ ಹಗ್ಗ ಎಳೆಯುತ್ತಿದ್ದೆ. ಹಿಂದಿನ ದಿನ ಅವನೊಂದಿಗೆ ಜಗಳವಾಡಿದ್ದೆ, ಅದು ನಿಜ. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಅದೂ ನಿಜ. ಅಷ್ಟಕ್ಕೇ ನನಗೆ ಜೀವಾವಧಿಯಾಯಿತು.

ನನ್ನ ಪರ ಸಾಕ್ಷಿ ಹೇಳಲು ಬಂದವರು ಜೊತೆಯಲ್ಲಿ ಹಗ್ಗ ಎಳೆದವರೇ. "ನಾನ್ ಬಲಿ ಕಾಂತಿದ್ದೆ, ಇವ್ನ್ ಮೋರಿ ಕಾಣ್ಲಿಲ್ಲ" ಎಂದು ಒಬ್ಬರ ಹಿಂದೆ ಒಬ್ಬರು ಹೇಳಿ ಇಳಿದರು. ಸುಳ್ಳಲ್ಲ. ಬಲೆ ದಡಕ್ಕೆ ಬರುವಾಗ ಪಕ್ಕದವನ ಮುಖ ನೋಡುವವನು ಮೀನು ಹಿಡಿಯುವವನೇ ಅಲ್ಲ. ಆದರೂ ದೇವರಂಥ ಆ ಪ್ರಾಮಾಣಿಕರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಬಲೆಯ ಯಜಮಾನರು ಮಾತ್ರ ಆ ದಿನ ನನ್ನ ಲೆಕ್ಕಕ್ಕೆ ಮೀನಿನ ಪಾಲು ಕೊಟ್ಟದ್ದನ್ನು ಹೇಳಿದರು. ನಮ್ಮಲ್ಲಿ ಹಗ್ಗ ಮುಟ್ಟದವನಿಗೆ ಪಾಲಿಲ್ಲ. ಯಜಮಾನರ ಸ್ವಂತ ಮಗನಾದರೂ ಅಷ್ಟೇ. ಅದನ್ನು ಬಿಡಿಸಿ ಹೇಳಬೇಕೆಂದು ಅವರಿಗೆ ಹೊಳೆಯಲೇ ಇಲ್ಲ. ಊರಿಗೆಲ್ಲ ಗೊತ್ತಿದ್ದದ್ದು ಕೋರ್ಟಿಗೂ ಗೊತ್ತೆಂದು ತಿಳಿದರು. ಎರಡು ಸಾವಿರದ ಇಸವಿ ದಾಟಿದ ಮೇಲೆ ಮೇಲಿನ ಕೋರ್ಟು ನನ್ನ ಅಪೀಲನ್ನು ವಜಾ ಮಾಡಿತು. ಪಾಲನ್ನು ಮನೆಯವರು ಯಾರಾದರೂ ಒಯ್ದಿರಬಹುದು ಎಂದು ತೀರ್ಪಿನಲ್ಲಿತ್ತು. ಆ ಸಾಲನ್ನು ಓದಿಸಿಕೊಂಡ ದಿನ ನಾನು ಊಟ ಬಿಟ್ಟೆ.

ಉಳಿದದ್ದು ದಿಲ್ಲಿಯ ದೊಡ್ಡ ಕೋರ್ಟು. ಜೈಲಿನಲ್ಲಿ ಅರ್ಜಿ ಬರೆದುಕೊಡುತ್ತಿದ್ದ ಹಿರಿಯ ಕೈದಿಯೊಬ್ಬ ಬುದ್ಧಿ ಹೇಳಿದ. ಅಪೀಲಿನ ಗೊಡವೆ ಬಿಟ್ಟು ತಪ್ಪು ಒಪ್ಪಿ ಕ್ಷಮೆ ಕೇಳಿದರೆ ಬೇಗ ಬಿಡಬಹುದಂತೆ. ನಾನು ಅಪೀಲನ್ನೇ ಬರೆಸಿದೆ. ಹಗ್ಗ ಮುಟ್ಟದವನಿಗೆ ಪಾಲಿಲ್ಲ ಎಂಬುದನ್ನು ಮೊದಲ ಸಾಲಿನಲ್ಲೇ ಹಾಕಿಸಿದೆ.

"ನ್ಯಾಯಾಧೀಶರಿಗೇ ಪಾಠ ಹೇಳ್ತೀಯೇನೋ?" ಎಂದ.

"ಗೊತ್ತಿಲ್ಲದವರಿಗೆ ಹೇಳಿಕೊಡಬೇಕಲ್ಲ" ಎಂದು ಸಹಿ ಹಾಕಿದೆ.

ಆ ವಾರ ಅಬ್ಬಿ ಬಂದಳು. ನನ್ನ ತಾಯಿಗೆ ಆಗಲೇ ಸೊಂಟ ನೋವು. ಎರಡು ಬಸ್ಸು ಬದಲಿಸಿ ಘಟ್ಟ ಹತ್ತಿ ಬಂದಿದ್ದಳು. ಅವಳಿಂದ ಮುಚ್ಚಿಡಲಾರದೆ ಕ್ಷಮೆಯ ವಿಷಯವನ್ನು ನಾನೇ ಬಾಯಿಬಿಟ್ಟೆ.

"ತಪ್ಪಾಯ್ತ್ ಅಂದೇಳಿ ಬರಿ ಮಗಾ. ನಾನ್ ಕಣ್ ಮುಚ್ಚುಕ್ ಮುಂಚೆ ಮನಿಗ್ ಬಾ."

ನಾನು ಹೇಳಿದೆ: "ಹಾಂಗ್ ಬರ್ದ್ರೆ ಮನಿಗ್ ಬಪ್ದ್ ಕೊಲೆ ಮಾಡ್ದವ, ಅಬ್ಬಿ. ನಾನಲ್ಲ. ದಿಲ್ಲಿ ಕಾಗ್ದಕ್ಕೆ ಸಹಿ ಹಾಕಿ ಆಯ್ತ್."

ಕಾವಲಿನವನು ಹೊತ್ತಾಯಿತೆಂದ. ಅವಳು ಜಾಲರಿಯ ಆಚೆ ಸೆರಗು ಬಿಗಿದು ಸೊಂಟಕ್ಕೆ ಸಿಕ್ಕಿಸಿಕೊಂಡು ಹೇಳಿದಳು, "ಹಾಂಗಾರೆ ತಪ್ಪಾಯ್ತ್ ಅಂದೇಳಿ ಬರಿಬೇಡ. ನಾನ್ ಸಾಯ್ದೆ ಕಾಯ್ತೆ."