‘ಚಾಲು’ ಎಂದರೆ ಸಾಕು

ಪದ್ಮಕ್ಕ, ಆರು ವರ್ಷದ ಹಿಂದೆ ಆ ಭಾನುವಾರ ನೀವು ‘ಚಾಲು’ ಅಂದದ್ದು ನನಗೆ ಸರಿಯಾಗಿಯೇ ಕೇಳಿಸಿತ್ತು. ಅರ್ಥವೂ ಆಗಿತ್ತು. ‘ಸಾಕು, ನಿಲ್ಲಿಸು’ ಎಂದು ನೀವು ತೆಲುಗಿನಲ್ಲಿ ಅಂದಿರಿ, ನಾನು ನಿಲ್ಲಿಸಲಿಲ್ಲ. ‘ಚಾಲೂ ಮಾಡು’ ಅಂದಿರೆಂದು ತಿಳಿದೆ ಅಂತ ಆಮೇಲೆ ಹೇಳಿದ್ದು — ಸುಳ್ಳು. ಅಪ್ಪಟ ಸುಳ್ಳು.

ನನಗೆ ತೆಲುಗು ಬರುತ್ತದೆ, ಅಕ್ಕ. ಮಾಸ್ತಿಯ ನಮ್ಮ ಮನೆಯಲ್ಲಿ ಅಮ್ಮ ಮಾತಾಡುತ್ತಿದ್ದದ್ದೇ ತೆಲುಗು. ಮಾಲೂರಿಗೆ ಬಂದು ನಿಮ್ಮ ಪಕ್ಕದ ಮನೆ ಸೇರಿದ ಹೊಸತರಲ್ಲಿ ಹೇಳುವ ಸಂದರ್ಭ ಬರಲಿಲ್ಲ. ಆಮೇಲೊಂದು ದಿನ, ನಾನು ಎದುರಿಗೇ ಕೂತಿರುವಾಗ, ಬೈರಕೂರಿನ ನಿಮ್ಮಮ್ಮನಿಗೆ ಫೋನಿನಲ್ಲಿ ನನ್ನ ವಿಷಯ ಹೇಳಿದಿರಿ: ‘ಮಂಚೋಡೇ, ಕೊಂಚಂ ಪಿಚ್ಚೋಡು.’ ಒಳ್ಳೆಯವನೇ, ಸ್ವಲ್ಪ ಹುಚ್ಚ! ನಾನು ನಗು ತಡೆದುಕೊಂಡು, ಏನೂ ತಿಳಿಯದವನ ಹಾಗೆ ಚಾವಣಿ ನೋಡುತ್ತಾ ಕೂತೆ. ಹಾಗೆ ಕೂರುವುದರಲ್ಲಿ ಒಂದು ಮಜಾ ಇತ್ತು. ಆ ಮಜಾಕ್ಕಾಗಿ ಕೊನೆಗೂ ಬಾಯಿ ಬಿಡಲಿಲ್ಲ.

ನಿಮಗೆ ಗೊತ್ತಿರುವುದನ್ನೂ ಇಲ್ಲಿ ಬರೆಯುತ್ತೇನೆ. ಬಿಡುತ್ತಾ ಹೋದರೆ ನನಗೆ ಅನುಕೂಲವಾದದ್ದನ್ನೇ ಉಳಿಸಿಕೊಳ್ಳುತ್ತೇನೆ — ಅಷ್ಟು ನನ್ನನ್ನು ನಾನು ಬಲ್ಲೆ.

ಹುಚ್ಚ ಅಂದದ್ದು ಸರಿಯೇ. ಚಿಕ್ಕಂದಿನಲ್ಲಿ ಟಿವಿಗೆ ಸಿಕ್ಕಿಸಿ ಆಡುತ್ತಿದ್ದೆವಲ್ಲ, ಆ ವಿಡಿಯೋ ಗೇಮ್ — ಈಗ ಯಾರೂ ತಯಾರಿಸದ, ಯಾರಿಗೂ ಬೇಡದ ಯಂತ್ರ — ಅದಕ್ಕೆ ನಾನೇ ಹೊಸದೊಂದು ಆಟ ಬರೆಯುತ್ತೇನೆಂದು ಹೊರಟವನು ನಾನು. ದಿನಾ ಬೆಂಗಳೂರಿನ ಟ್ರೈನಿನಲ್ಲಿ ನಿಂತುಕೊಂಡೇ ನೋಟ್‌ಬುಕ್ಕಿನಲ್ಲಿ ಕೋಡ್ ಗೀಚುತ್ತಿದ್ದೆ. ಆ ಯಂತ್ರಕ್ಕೆ ಗುಣಾಕಾರ ಕೂಡ ಬಾರದು. ಕೂಡು, ಕಳೆ, ಇಲ್ಲಿಂದ ಎತ್ತಿ ಅಲ್ಲಿಡು, ಅಷ್ಟೇ. ಪರದೆಯನ್ನು ಬರೀ ನೀಲಿ ಮಾಡುವುದಕ್ಕೇ ಎರಡು ವಾರ ಹಿಡಿಯಿತು. ನೀಲಿಯಾದ ದಿನ ಕುಣಿದಾಡಿಕೊಂಡು ಬಂದು ನಿಮ್ಮನ್ನು ಕರೆದೆ. ನೀವು ಸೊಂಟದ ಮೇಲೆ ಕೈಯಿಟ್ಟು ನೋಡಿ, “ಟಿವಿ ಕೆಟ್ಟೋದ್ರೂ ಹಿಂಗೇ ಕಾಣ್ತದಲ್ಲೋ ಗಿರೀಶ!” ಅಂದಿರಿ.

ಆದರೂ ಕೈಬಿಡಲಿಲ್ಲ ನೀವು. ಪ್ರತಿ ಚಿತ್ರವನ್ನೂ ಎಂಟು ಸಾಲು, ಸಾಲಿಗೆ ಎಂಟು ಚುಕ್ಕಿಗಳಲ್ಲಿ ಬಿಡಿಸಬೇಕು ಎಂದಾಗ, “ಅಷ್ಟೇ ತಾನೇ, ಚುಕ್ಕಿ ರಂಗೋಲಿ ಕಣೋ ಇದು” ಎಂದು ಪೆನ್ಸಿಲ್ ಕಿತ್ತುಕೊಂಡಿರಿ. ಇಟ್ಟಿಗೆ ಸುಡುವ ಗೂಡಿನಲ್ಲಿ ಇಟ್ಟಿಗೆ ಪೇರಿಸುವ ನನ್ನ ಆಟದ ಹೆಂಗಸನ್ನು ಬಿಡಿಸಿದವರು ನೀವೇ. ಸೆರಗು ಸಿಕ್ಕಿಸಿದ್ದು ಕೂಡ ಆ ಅರವತ್ನಾಲ್ಕು ಚುಕ್ಕಿಯಲ್ಲೇ ಕಾಣುತ್ತಿತ್ತು.

ಆಟ ಕಂಪ್ಯೂಟರಿನಲ್ಲಿ ಓಡಿತು. ನಿಜವಾದ ಯಂತ್ರದಲ್ಲಿ ಓಡಬೇಕಾದರೆ ಅದಕ್ಕೆ ಸಿಕ್ಕಿಸುವ ಹಳೆಯ ಗೇಮ್ ಕ್ಯಾಸೆಟ್ ಒಂದನ್ನು ಬಿಚ್ಚಿ, ಅದರ ಚಿಪ್ ಕಿತ್ತು, ನನ್ನ ಆಟ ತುಂಬಿದ ಚಿಪ್ ಬೆಸೆಯಬೇಕು. ನನ್ನಲ್ಲಿದ್ದ ಯಾವ ಕ್ಯಾಸೆಟ್ಟೂ ಹೊಂದಲಿಲ್ಲ. ಹೊಂದುವಂಥದ್ದು ನಿಮ್ಮ ಟ್ರಂಕಿನಲ್ಲಿತ್ತು — ತೀರಿಹೋದ ನಿಮ್ಮ ತಮ್ಮ ಸೀನುವಿನದು. ಆಟ ಎಲ್ಲಿಗೆ ನಿಂತಿತೆಂದು ನೆನಪಿಡಲು ಅದರೊಳಗೊಂದು ಪುಟ್ಟ ಬ್ಯಾಟರಿ. ಅವನು ಹೋಗಿ ಇಪ್ಪತ್ತು ವರ್ಷವಾಗಿದ್ದರೂ ಅದಿನ್ನೂ ಜೀವ ಹಿಡಿದಿತ್ತು! ಯಂತ್ರಕ್ಕೆ ಹಾಕಿದರೆ ಅವನು ಒತ್ತಿದ ಹೆಸರು ಇಂಗ್ಲಿಷಿನಲ್ಲಿ ಬರುತ್ತಿತ್ತು. ಐದಕ್ಷರದ ಹೆಸರಿಗೆ ನಾಲ್ಕಕ್ಷರದ ಜಾಗ. ಒಂದನ್ನು ನುಂಗಿ ಬರೆದಿದ್ದ. ನಿಮ್ಮಮ್ಮ ಬಂದಾಗಲೆಲ್ಲ ಅದನ್ನು ಹಾಕಿಸಿ, ಸ್ವಲ್ಪ ಹೊತ್ತು ನೋಡಿ, ಎದ್ದು ಹೋಗುತ್ತಿದ್ದರು.

ಚಿಪ್ ಬದಲಿಸಲು ಮೊದಲು ಬ್ಯಾಟರಿ ಕೀಳಬೇಕು, ಕಿತ್ತರೆ ಹೆಸರು ಹೋಗುತ್ತದೆ ಎಂದು ನಿಮಗೆ ಮೊದಲೇ ಹೇಳಿದ್ದೆ. ಅದೊಂದು ನಿಜ ಹೇಳಿದ್ದೆ. “ಹೋಗ್ಲಿ ಬಿಡಪ್ಪ, ಪೆಟ್ಟಿಗೇಲಿ ಸುಮ್ನೆ ಬಿದ್ದಿರೋ ಬದ್ಲು ನಿನ್ ಆಟಕ್ಕಾದ್ರೂ ಆಗ್ಲಿ” ಎಂದು ನೀವೇ ತಂದುಕೊಟ್ಟಿರಿ. ನಾನೊಂದು ಫೋಟೋ ಆದರೂ ತೆಗೆದಿಟ್ಟೆನೇ? ಅದೂ ಇಲ್ಲ.

ಬೆಸುಗೆಯ ಕಾದ ಕಡ್ಡಿಯನ್ನು ಬ್ಯಾಟರಿಯ ಕಾಲಿಗೆ ಮುಟ್ಟಿಸಿದ್ದೆ. ಸೀಸ ಇನ್ನೂ ಕರಗಿರಲಿಲ್ಲ. ಆಗ ನಿಮ್ಮ ದನಿ ಬಂತು — “ಚಾಲು… ಚಾಲು ಗಿರೀಶ.” ದುಃಖ ಬಂದರೆ ನಿಮ್ಮ ಬಾಯಲ್ಲಿ ತೆಲುಗೇ ಬರುತ್ತದೆ ಎಂಬುದೂ ನನಗೆ ಗೊತ್ತಿತ್ತು. ನನ್ನ ಕೈ ನಿಂತಿತು, ಅಕ್ಕ. ಒಂದು ಗಳಿಗೆ ನಿಂತೇ ನಿಂತಿತು. ಇಷ್ಟು ತಿಂಗಳು ಕಾದಿದ್ದೇನೆ, ಈಗ ಬಿಟ್ಟರೆ ಮತ್ತೆ ಇಂಥ ಕ್ಯಾಸೆಟ್ ಎಲ್ಲಿ — ಅಷ್ಟೇ ನನ್ನ ತಲೆಯಲ್ಲಿದ್ದದ್ದು. ಸೀಸ ಕರಗಿತು. ಎಳೆದೆ.

“ಅಯ್ಯೋ! ಚಾಲು ಅಂದ್ನಲ್ಲೋ, ಸಾಕು ಅಂತ!”

“ಅಯ್ಯಯ್ಯೋ ಅಕ್ಕ, ಚಾಲೂ ಮಾಡು ಅಂದ್ರಿ ಅಂದ್ಕೊಂಡ್ನಲ್ಲಾ!”

ಆ ಸುಳ್ಳು ಬಾಯಿಗೆ ಎಷ್ಟು ಬೇಗ ಬಂತು! ಇವತ್ತಿಗೂ ನಾನು ಬೆಚ್ಚುವುದು ಅದಕ್ಕೇ. ನೀವೋ, ಹಣೆ ಚಚ್ಚಿಕೊಂಡಿರಿ. “ನನ್ ಬಾಯಿಗೆ ಬೆಂಕಿ ಬೀಳ! ಕನ್ನಡದೋನ ಮುಂದೆ ತೆಲುಗು ಒದರಿದ್ರೆ ಅವನಾದ್ರೂ ಏನ್ ಮಾಡ್ತಾನೆ.” ನನ್ನ ಬೆನ್ನು ತಟ್ಟಿ ಸಮಾಧಾನ ಮಾಡಿದವರೂ ನೀವೇ.

ಆಟ ಓಡಿತು. ಮೊದಲ ಪರದೆಯಲ್ಲಿ ಸೀನುವಿನ ಹೆಸರು ಹಾಕಿದೆ, ಐದೂ ಅಕ್ಷರ ತುಂಬಿಸಿ. ನೀವು ಕಣ್ಣೊರೆಸಿಕೊಂಡಿರಿ. ತೀರಿತು ಅಂದುಕೊಂಡೆ ನಾನು.

ಎಲ್ಲಿ ತೀರಿತು? ಕಾಲುನೋವಿನಿಂದ ಆಮೇಲೆ ಈ ಆರು ವರ್ಷವೂ ಊರು ಬಿಡದಿದ್ದ ನಿಮ್ಮಮ್ಮ ಹೋದ ವಾರ ಬಂದರು. ಬಂದವರೇ ಸೀನುವಿನ ಹೆಸರು ಕೇಳಿದರು. ನೀವು ನನ್ನ ಆಟದ ಕ್ಯಾಸೆಟ್ಟನ್ನೇ ಹಾಕಿದಿರಿ. ನಾನು ಪಕ್ಕದ ಕುರ್ಚಿಯಲ್ಲಿದ್ದೆ. ಇಂಗ್ಲಿಷ್ ಓದಲು ಬಾರದ ಆ ಮುದುಕಿ ಟಿವಿಗೆ ಬೆರಳಿಟ್ಟು ಒಂದೊಂದೇ ಎಣಿಸಿದರು. “ನಾಲುಗೇ ಕದಾ ಉಂಡೇದಿ?” ನಾಲ್ಕೇ ಅಲ್ಲವೇ ಇದ್ದದ್ದು? ಮತ್ತೆ ಎಣಿಸಿದರು. ಇದು ಅವನು ಬರೆದದ್ದಲ್ಲ ಅಂದರು.

ನೀವು ಎಲ್ಲವನ್ನೂ ಹೇಳಿಬಿಟ್ಟಿರಿ, ತೆಲುಗಿನಲ್ಲಿ. ‘ತಪ್ಪೆಲ್ಲ ನನ್ನ ನಾಲಿಗೆಯದು’ ಅಂದಿರಿ. ಈ ಪಾಪದವನಿಗೆ ನಮ್ಮ ಮಾತು ತಿಳಿಯದು ಅಂದಿರಿ. ಅದಕ್ಕೆ ಅವರು ಅಂದದ್ದನ್ನು ಇಲ್ಲಿ ಬರೆಯಲು ನನ್ನ ಕೈ ಏಳುತ್ತಿಲ್ಲ — ಸತ್ತ ತಮ್ಮನ ಹೆಸರೂ ನಿನಗೆ ಭಾರವಾಯಿತೇನೇ ಎಂದರಲ್ಲ, ಆ ಮಾತು. ಒಂದೊಂದು ಅಕ್ಷರವೂ ನನಗೆ ತಿಳಿಯಿತು. ನೀವು ಅಳು ನುಂಗಿ ನನ್ನತ್ತ ತಿರುಗಿ ನಕ್ಕಿರಿ. “ಏನಿಲ್ಲ ಗಿರೀಶ, ಅಮ್ಮಂಗೆ ಬಸ್ಸಲ್ಲಿ ಬಂದು ಆಯಾಸ. ನೀನು ಕಾಫಿ ಕುಡಿ.” ನಾನು ಕುಡಿದೆ! ಲೋಟ ಕೆಳಗಿಟ್ಟು ಒಂದು ಮಾತು ಆಡಬಹುದಿತ್ತು. ಕುಡಿದು ಮುಗಿಸಿ ಎದ್ದು ಬಂದೆ.

ನಿಮ್ಮಮ್ಮ ಊಟ ಮಾಡದೆ ಆಟೋ ತರಿಸಿಕೊಂಡು ಹೊರಟುಹೋದರು. ಅಂದಿನಿಂದ ನಿಮ್ಮ ಫೋನ್ ಎತ್ತುತ್ತಿಲ್ಲವಂತೆ. ಅವರಿಗೆ ಎಂಬತ್ತು ದಾಟಿದೆ. ಮಗಳ ಮೇಲಿನ ಈ ಸಿಟ್ಟನ್ನು ಹೊತ್ತುಕೊಂಡೇ ಅವರು — ಬೇಡ, ಅದನ್ನು ಬರೆಯಲಾರೆ.

ಈ ಕಾಗದ ನಿಮ್ಮ ಕೈಗೆ ಕೊಟ್ಟು ನಾನು ಬೈರಕೂರಿನ ಬಸ್ಸು ಹತ್ತುತ್ತೇನೆ. ಕ್ಷಮಿಸಿ ಎಂದು ಕೇಳುತ್ತಿಲ್ಲ. ನಿಮ್ಮ ಬಾಗಿಲು ಇನ್ನು ನನಗೆ ತೆರೆಯದಿದ್ದರೆ ಅದೂ ಸರಿ. ನಿಮ್ಮಮ್ಮನ ಮುಂದೆ ನಿಂತು ಮೊದಲ ಮಾತನ್ನೇ ತೆಲುಗಿನಲ್ಲಿ ಆಡುತ್ತೇನೆ. ಕನ್ನಡದಲ್ಲಿ ಶುರು ಮಾಡಿದರೆ, ಪಾಪ, ಅವನಿಗೇನು ಗೊತ್ತು ಎಂದು ಅವರೂ ನನ್ನನ್ನು ಕ್ಷಮಿಸಿಬಿಡುತ್ತಾರೆ.