ಗೋಡೆ ಪಕ್ಕದ ಹೈಫನ್

ಗುರುಪಾದಪ್ಪ ಸರ್ ಕುಳಿತವರನ್ನು ಎಬ್ಬಿಸದೆ ಬಿಟ್ಟವರಲ್ಲ. ಬೆಟಗೇರಿಯ ನಮ್ಮ ಓಣಿಯಲ್ಲಿ ಯಾರ ಮನೆಯ ಊಟವಿರಲಿ, ಪಂಕ್ತಿಯ ತುದಿಯಲ್ಲಿ ನಿಂತು ಕಣ್ಣಾಡಿಸಿ, ಇವರನ್ನು ಅಲ್ಲಿಗೆ, ಅವರನ್ನು ಇಲ್ಲಿಗೆ ಕೂರಿಸಿದ ಮೇಲೇ ಬಡಿಸಲು ಬಿಡುತ್ತಿದ್ದರು. ಅವರ ಹೆಂಡತಿಯ ತಮ್ಮ ಬಸಣ್ಣನಿಗಂತೂ ಜಾಗ ಕಾಯಂ: ಕೊನೆಗೆ, ಗೋಡೆಯ ಪಕ್ಕ.

"ಇವ ನಡುವ ಕುಂತ್ರ ಈ ತುದಿಯಿಂದ ಆ ತುದೀತನಕ ಎಲ್ಲಾರನ್ನೂ ಮಾತಿಗೆ ಎಳೀತಾನ. ಮಾದ್ಲಿ ಮ್ಯಾಲಿನ ತುಪ್ಪ ಹೆಪ್ಪುಗಟ್ಟತೈತಿ," ಎನ್ನುತ್ತಿದ್ದರು. ಬಸಣ್ಣ ಪ್ರತಿ ಸಲವೂ ಮುಖ ಊದಿಸಿಕೊಂಡೇ ಹೋಗುತ್ತಿದ್ದರು.

ಮೊದಲು ಟೈಪಿಂಗ್ ಕಲಿಸುತ್ತಿದ್ದ ಸರ್, ಆಮೇಲೆ ಅದೇ ಕೋಣೆಯಲ್ಲಿ ಕಂಪ್ಯೂಟರ್ ಕಲಿಸಿದರು. ಅವರಲ್ಲಿ ಕಲಿತೇ ನಾನು ಗದಗಿನ ಒಂದು ಬೀಜದಂಗಡಿಯಲ್ಲಿ ಕೆಲಸಕ್ಕೆ ಸೇರಿದ್ದು. ಬಿತ್ತನೆ ಬೀಜ ಬಂದ ಸುದ್ದಿಯನ್ನು ರೈತರ ಮೊಬೈಲಿಗೆ ಕಳಿಸಬೇಕಿತ್ತು. ಪಟ್ಟಿಯ ನಂಬರುಗಳಲ್ಲಿ ಸಿಕ್ಕಿಕೊಂಡಿದ್ದ ಪ್ಲಸ್, ಹೈಫನ್, ಓರೆಗೆರೆ ಮೂರನ್ನೂ ಒಂದೇ ಏಟಿಗೆ ತೆಗೆಯಲು, ಹುಡುಕಿ ಅಳಿಸುವ ಆಜ್ಞೆಯಲ್ಲಿ ಚೌಕ ಕಂಸದೊಳಗೆ [+-/] ಎಂದು ಬರೆದೆ. ಎರಡೆರಡು ನಂಬರು ಕೊಟ್ಟವರು ನಡುವೆ ಅಲ್ಪವಿರಾಮ ಹಾಕಿದ್ದರು. ಅದೂ ಮಾಯವಾಗಿ ಎರಡೂ ಅಂಟಿಕೊಂಡು ಮಾರುದ್ದದ ಒಂದೇ ನಂಬರಾದವು. ಹಿರೇವಡ್ಡಟ್ಟಿಯ ಅರ್ಧ ಊರಿಗೆ ಸುದ್ದಿಯೇ ಹೋಗಲಿಲ್ಲ.

"ಸಂಜಿ ಒಳಗ ಸರಿ ಆಗ್ಲಿಲ್ಲಂದ್ರ ನಾಳಿಂದ ಬರಬ್ಯಾಡವಾ," ಎಂದರು ಅಂಗಡಿ ಸಾಹುಕಾರರು.

ಕಣ್ಣೊರೆಸಿಕೊಳ್ಳುತ್ತ ಸರ್ ಹತ್ತಿರ ಓಡಿ, ಅಲ್ಪವಿರಾಮ ಮಾಯವಾದದ್ದನ್ನು ಹೇಳಿದೆ. ನಾನು ಬರೆದದ್ದನ್ನು ನೋಡುವ ಮೊದಲೇ ಕೇಳಿದರು, "ಹೈಫನ್ ಎಲ್ಲಿ ಕುಂಡ್ರಿಸೀದಿ?"

"ನಡುವ ರೀ, ಸರ್."

ಹಣೆ ಚಚ್ಚಿಕೊಂಡರು. "ಕಂಸದಾಗ ನಡುವ ಕುಂತ್ರ ಅದು ಹೈಫನ್ ಅಲ್ಲವಾ, ನಮ್ಮ ಬಸಣ್ಣ! ಪ್ಲಸ್‌ನಿಂದ ಓರೆಗೆರಿತನಕ ಸಾಲಿನಾಗ ಇರೋರನ್ನೆಲ್ಲಾ ಎಳಕೊಂಡು ಬರ್ತೈತಿ. ಕಂಪ್ಯೂಟರಿನ ಓಣ್ಯಾಗ ಅಲ್ಪವಿರಾಮದ ಮನಿ ಅವರಿಬ್ಬರ ನಡುವ ಐತಿ. ಪಾಪ, ಅದೂ ಹೋತು. ಹೈಫನ್ನ ಕೊನಿಗೆ, ಕಂಸದ ಗೋಡಿಗೆ ಹಚ್ಚಿ ಕುಂಡ್ರಿಸು."

[+/-] ಎಂದು ತಿದ್ದಿ, ಮೂಲ ಪಟ್ಟಿಯ ಮೇಲೆ ಮತ್ತೆ ಓಡಿಸಿದೆ. ಅಲ್ಪವಿರಾಮ ಜಾಗ ಬಿಟ್ಟು ಕದಲಲಿಲ್ಲ. ಸಂಜೆಯೊಳಗೆ ಸುದ್ದಿ ಹೋಯಿತು, ನನ್ನ ಕೆಲಸವೂ ಉಳಿಯಿತು.

ಹೋದ ತಿಂಗಳು ಸರ್ ತೀರಿಕೊಂಡರು. ಅವರ ಮನೆಯಲ್ಲಿ ಪ್ರಸಾದದ ದಿನ ಜನ ತಮಗೆ ತೋಚಿದಲ್ಲಿ ಕುಳಿತರು. ಎಬ್ಬಿಸುವವರೇ ಇಲ್ಲದ ಆ ಪಂಕ್ತಿ ನೋಡಿ ನನಗೆ ಅಳು ಬಂತು. ಬಸಣ್ಣ ಮಾತ್ರ ಯಾರೂ ಹೇಳದಿದ್ದರೂ ಕೊನೆಯವರೆಗೆ ನಡೆದು ಹೋಗಿ ಗೋಡೆಯ ಪಕ್ಕ ಕುಳಿತರು.

"ಬಸಣ್ಣಾರ, ನಡುವ ಬರ್ರಿ, ಜಾಗಾ ಐತಿ," ಎಂದು ಬಡಿಸುವವರು ಕರೆದರು.

"ಬ್ಯಾಡ್ರಿ," ಎಂದರು ಬಸಣ್ಣ. "ಭಾವ ಎಬ್ಬಸ್ತಾರ."