ಅವ್ವನಿಗೆಂದು ಇಟ್ಟ ಚೀನೀ ಕಪ್

ಮುಂಡಗೋಡದ ಟಿಬೆಟಿಯನ್ ಕ್ಯಾಂಪು ನಮ್ಮ ಊರಿನ ಹೊಲಗಳ ಅಂಚಿಗೇ ಇದೆ. ಅವ್ವ ಅಲ್ಲಿಯ ಮನೆಗಳಿಗೆ ಹಾಲು ಹಾಕುತ್ತಿದ್ದಳು. ಶಾಲೆ ಇಲ್ಲದ ದಿನ ನಾನೂ ಜೊತೆಗೆ ಹೋಗುತ್ತಿದ್ದೆ. ಕೊನೆಯ ಮನೆಯಲ್ಲಿ ಒಬ್ಬ ಹೆಂಗಸು ತಮ್ಮ ತಂಗಿಯ ಮಗಳೊಂದಿಗೆ ಇದ್ದರು. ಗಂಡ ತೀರಿಕೊಂಡ ಮೇಲೆ ಚಳಿಗಾಲದಲ್ಲಿ ಹುಬ್ಬಳ್ಳಿಯ ಬೀದಿಗಳಲ್ಲಿ ಸ್ವೆಟರ್ ಮಾರಿ ಬದುಕಿದವರು; ಕನ್ನಡ ಕಲಿತದ್ದೂ ಅಲ್ಲೇ. ಅವ್ವ ಅವರನ್ನು ಅಕ್ಕ ಅನ್ನುತ್ತಿದ್ದಳು, ನಾನು ಅಜ್ಜಿ ಅನ್ನುತ್ತಿದ್ದೆ.

ಅಜ್ಜಿ ದಿನಾ ಚಹಾಕ್ಕೆ ಕರೆಯುತ್ತಿದ್ದರು. ಅವ್ವ ದಿನಾ ಒಲ್ಲೆ ಅನ್ನುತ್ತಿದ್ದಳು.

"ಈಗ ಕುಡದ ಬಂದೇನ್ರಿ ಅಕ್ಕಾ."

ನಮ್ಮದು ಲಿಂಗ ಕಟ್ಟಿಕೊಂಡ ಮನೆತನ. ಮಾಂಸ ಬೇಯುವ ಮನೆಯಲ್ಲಿ ನೀರು ಕುಡಿದರೂ ಆಯಿ, ಅಂದರೆ ಅಪ್ಪನ ತಾಯಿ, ಸುಮ್ಮನಿರುವವಳಲ್ಲ. ಅವ್ವ ಇದನ್ನೆಂದೂ ಬಾಯಿಬಿಟ್ಟು ಹೇಳಲಿಲ್ಲ. ಆದರೆ ಅಜ್ಜಿಗೆ ತಿಳಿಯಿತು. ಒಂದು ಬೆಳಿಗ್ಗೆ ಅವರು ಹೊಸ ಕಪ್ ಒಂದನ್ನು ಕಾಗದದಿಂದ ಬಿಚ್ಚಿ ಅವ್ವನೆದುರು ಇಟ್ಟರು. ಹಳದಿ ಮೈ, ಅಂಚಿಗೆ ಬಂಗಾರದ ಗೆರೆ, ಮೇಲೊಂದು ಮುಚ್ಚಳ. ಸುತ್ತಲೂ ಕೆಂಪು ಡ್ರ್ಯಾಗನ್ ಮೈ ಹೊರಳಿಸಿಕೊಂಡು ಹೋಗಿತ್ತು; ನಡುವೆ ಏನೋ ಅಕ್ಷರ.

"ಇದು ನಿಂದು ತಂಗಿ. ಯಾರೂ ಬಾಯಿ ಹಚ್ಚಿಲ್ಲ. ಬ್ಯಾರೆ ತೊಳಿತೇನಿ, ಬ್ಯಾರೆ ಇಡತೇನಿ."

ಅವ್ವ ಬಹಳ ಹೊತ್ತು ಕಪ್ಪನ್ನೇ ನೋಡಿದಳು. ಆಮೇಲೆ ಹಾಲಿನ ಕ್ಯಾನು ಪಕ್ಕಕ್ಕಿಟ್ಟು ಕುಳಿತಳು. ಅವರು ಕುಡಿಯುವ ಬೆಣ್ಣೆ-ಉಪ್ಪಿನ ಚಹಾ ಅವಳಿಗೆ ಸೇರದೆಂದು ಅಜ್ಜಿ ಸಕ್ಕರೆ ಹಾಕಿದ ಚಹಾ ಮಾಡಿದ್ದರು. ಒಂದು ಗುಟುಕು ಇಳಿಯುತ್ತಿದ್ದಂತೆ ಮತ್ತೆ ತುಂಬಿಸುವುದು ಅವರ ಪದ್ಧತಿ.

"ಸಾಕ್ರಿ ಅಕ್ಕಾ, ಇದು ಮುಗಿಯೂದ ಇಲ್ಲಲ್ಲ!" ಎಂದು ಅವ್ವ ನಕ್ಕಳು. ಡ್ರ್ಯಾಗನ್ ಮೇಲೆ ಬೆರಳಾಡಿಸಿ ಕೇಳಿದಳು, "ಹಾವಿಗೆ ಕಾಲು ಯಾಕ ತಗದಾರ? ಈ ಅಕ್ಷರ ನಿಮ್ಮವೇನು?"

"ನಮ್ಮವಲ್ಲ, ಚೀನಾದವು. ಬಹಳ ವರ್ಷ ಬಾಳು ಅಂತ ಬರದಾರ." ಅಜ್ಜಿ ಮುಚ್ಚಳ ಮುಚ್ಚಿದರು. "ನಮ್ಮ ಊರು ಕಸಗೊಂಡೋರು ಅವರ. ನಮ್ಮವ್ವನ ಮನ್ಯಾಗೂ ಇಂಥ ಕಪ್ಪ ಇದ್ದವು. ಏನ್ ಮಾಡೂದು? ಚಾ ಕುಡಿಯಾಕ ಇದ ಬೇಕು ಅನಸತೈತಿ."

ಅಂದಿನಿಂದ ಅವ್ವ ಆ ಮನೆಯಲ್ಲಿ ಚಹಾ ಕುಡಿಯದೆ ಬಂದದ್ದಿಲ್ಲ. ಮನೆಯಲ್ಲಿ ಅದನ್ನು ಹೇಳಿದ್ದೂ ಇಲ್ಲ.

ನಾನು ಮದುವೆಯಾಗಿ ದಾಂಡೇಲಿಯ ಅಂಬೇವಾಡಿಗೆ ಬಂದು ಕೆಲವು ವರ್ಷಗಳಾಗಿದ್ದವು. ಒಂದು ದಿನ ಅವ್ವ ಕೊಟ್ಟಿಗೆಯಲ್ಲೇ ಕುಸಿದಳು. ಬಲಗೈ, ಬಲಗಾಲು ಹೋದವು. ಮಾತು ತೊದಲಿತು. ನಾನು ಆರೈಕೆಗೆಂದು ತವರಿಗೆ ಬಂದೆ. ಹಾಲು ನಿಂತದ್ದಕ್ಕೆ ವಿಚಾರಿಸಿಕೊಂಡು ಅಜ್ಜಿಯೂ ಒಂದು ಮಧ್ಯಾಹ್ನ ಆಟೋದಲ್ಲಿ ಬಂದರು. ಮೊದಲ ಸಲ ನಮ್ಮ ಮನೆಗೆ. ಅವ್ವನ ಮಂಚದ ಪಕ್ಕ ಕುಳಿತು ಸತ್ತ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡರು.

ಆಯಿ ಅವರಿಗೆ ಕಾಗದದ ಲೋಟದಲ್ಲಿ ಚಹಾ ತಂದುಕೊಟ್ಟಳು. ಮದುವೆಯೊಂದರಲ್ಲಿ ಉಳಿದಿದ್ದ, ಕುಡಿದು ಎಸೆಯುವ ಲೋಟ. ಅಜ್ಜಿ ಎರಡೂ ಕೈಯಿಂದ ತೆಗೆದುಕೊಂಡರು.

ಅವ್ವ ತಲೆ ಅಲ್ಲಾಡಿಸಿದಳು. ಎಡಗೈ ಎತ್ತಿ ಗೋಡೆಯ ಕಪಾಟು ತೋರಿಸಿ, "ಬ... ಬಸಿ," ಅಂದಳು. ಅಲ್ಲಿ ಬೀಗರು ಬಂದಾಗಷ್ಟೇ ತೆಗೆಯುವ ಹೂವಿನ ಕಪ್ಪುಗಳು, ಅವಕ್ಕೆ ಜೋಡಿ ಬಸಿ ತಟ್ಟೆಗಳು ಇದ್ದವು.

"ಏನಂತಾಳೊ, ಒಂದೂ ತಿಳಿಯೂದಿಲ್ಲ," ಎಂದಳು ಆಯಿ.

ನನಗೆ ತಿಳಿದಿತ್ತು. ಎದ್ದು ಕಪಾಟು ತೆರೆದು ಒಂದು ಜೋಡಿ ತಂದು, ಚಹಾ ಅದಕ್ಕೆ ಸುರಿದುಕೊಟ್ಟೆ. ಆಯಿ ಒಳಗೆ ಹೋದಳು. ಅಜ್ಜಿ ಕುಡಿದು ಮುಗಿಸುವವರೆಗೂ ಅವ್ವ ಅವರಿಂದ ಕಣ್ಣು ಕೀಳಲಿಲ್ಲ. ಅಂದು ಸಂಜೆ ನಾನು ತೊಳೆದಿಟ್ಟ ಆ ಕಪ್ಪು-ಬಸಿಯನ್ನು ಆಯಿ ಸೆರಗಿನಲ್ಲಿ ಹಿಡಿದು ಒಯ್ದು ಕೊಟ್ಟಿಗೆಯ ಗೂಡಿನಲ್ಲಿಟ್ಟಳು. ನಾನು ತಂದು ಕಪಾಟಿನಲ್ಲಿಟ್ಟೆ. ಮರುದಿನ ಅದು ಮತ್ತೆ ಕೊಟ್ಟಿಗೆಯಲ್ಲಿತ್ತು. ಮಲಗಿದಲ್ಲಿಂದಲೇ ಅವ್ವನಿಗೆ ಎಲ್ಲ ಕಾಣುತ್ತಿತ್ತು.

ಮಳೆಗಾಲಕ್ಕೆ ಮುಂಚೆ ಅವ್ವ ಹೋದಳು. ಹೊಲದಲ್ಲಿ ಮಣ್ಣು ಕೊಡುವಾಗ ಅಜ್ಜಿ, ತಮ್ಮವರು ಗೌರವಕ್ಕೆ ಹಾಕುವ ಬಿಳಿ ರೇಷ್ಮೆ ಪಟ್ಟಿಯೊಂದನ್ನು ಹಿಡಿದು ಬದುವಿನ ಮೇಲೆ, ದೂರದಲ್ಲೇ ನಿಂತಿದ್ದರು. ನಾನು ಹೋಗಿ ಕೈಹಿಡಿದು ಕರೆದೆ. ಬರಲಿಲ್ಲ. ಪಟ್ಟಿಯನ್ನು ನನ್ನ ಕೈಗೆ ಕೊಟ್ಟು, "ನೀ ಹಾಕು," ಎಂದರು. ಅವ್ವನ ಮೇಲೆ ಹಾಕಿದೆ.

ಎಷ್ಟೋ ದಿನಗಳ ಮೇಲೆ ಕ್ಯಾಂಪಿಗೆ ಹೋದೆ. ಅಜ್ಜಿಯ ಕಣ್ಣು ಮಂಜಾಗಿತ್ತು. ಅವರ ತಂಗಿಯ ಮಗಳು ಚಹಾ ತಂದಳು. ಜನ ಹೊರದೇಶಗಳಿಗೆ ಹೋಗಿ ಅಕ್ಕಪಕ್ಕದ ಮನೆಗಳಿಗೆ ಬೀಗ ಬಿದ್ದಿತ್ತು. ದೇವರ ಮುಂದಿನ ಹಲಗೆಯ ಮೇಲೆ ಅವ್ವನ ಕಪ್ ಬೋರಲಾಗಿತ್ತು. ಮುಚ್ಚಳ ಪಕ್ಕದಲ್ಲಿತ್ತು.

"ಅವಳು ಹೋದ ಮ್ಯಾಲ ಏಳು ವಾರ ಅದರಾಗ ಚಾ ಹಾಕಿ ಇಟ್ಟೆ," ಅಂದರು ಅಜ್ಜಿ. "ಸಕ್ಕರಿ ಚಾ. ಆಮ್ಯಾಲ ಬೋರಲು ಹಾಕಿದೆ. ಸತ್ತೋರ ಕಪ್ಪ ಹಂಗ ಇಡತೇವಿ."

"ಅಜ್ಜಿ, ಅದನ್ನ ನನಗ ಕೊಡ್ರಿ. ಒಯ್ತೇನಿ."

ಅಜ್ಜಿ ಕೋಪವೇನೂ ಇಲ್ಲದ ದನಿಯಲ್ಲಿ ಕೇಳಿದರು: "ಒಯ್ದು ನಿಮ್ಮ ಮನ್ಯಾಗ ಎಲ್ಲಿ ಇಡತಿ ಮಗಳ?"

ಅಂಬೇವಾಡಿಯ ನನ್ನ ಅಡುಗೆಮನೆ ಕಣ್ಣಮುಂದೆ ಬಂತು. ಅಲ್ಲಿ ಅತ್ತೆ, ದೇವರ ಜಗುಲಿ, ಲಿಂಗಪೂಜೆಯ ತಂಬಿಗೆ. ಚಹಾ ಮುಗಿಸಿ, ಕಪ್ ಅಲ್ಲೇ ಬಿಟ್ಟು ಎದ್ದು ಬಂದೆ.

ಮರುವರ್ಷ ಅಜ್ಜಿಯೂ ತೀರಿಕೊಂಡರೆಂದು ಊರಿನವರೊಬ್ಬರು ಹೇಳಿದರು. ನಾನು ಹೋಗುವಷ್ಟರಲ್ಲಿ ತಂಗಿಯ ಮಗಳು ಮನೆ ಬಿಟ್ಟುಕೊಟ್ಟು ಹೋಗಿದ್ದಳು. ಬಾಡಿಗೆಗೆ ಬಂದವರು ನಮ್ಮ ಕಡೆಯವರೇ. ಕಪ್ಪಿನ ಬಗ್ಗೆ ಕೇಳಿದೆ. ಬಾಗಿಲಲ್ಲಿ ನಿಂತ ಹೆಂಗಸು, "ಹಳೇ ಸಾಮಾನ ಏನೂ ಇದ್ದಿಲ್ರಿ, ಖಾಲಿ ಮನಿ ಕೊಟ್ಟಾರ," ಅಂದಳು. ಚಹಾ ಕುಡಿದು ಹೋಗಿರೆಂದು ಒತ್ತಾಯಿಸಿದಳು. ಬಸ್ಸಿಗೆ ಹೊತ್ತಾಯಿತೆಂದು ಹೇಳಿ ಹೊರಟುಬಂದೆ.